ನಡು ಒಣಗಿದ ಸ್ಯಾವಿನ್ ಜುನಿಪರ್: ಕೀಳುವ ಮೊದಲು ತಿಳಿಯಬೇಕಾದ್ದು

ಪ್ರಶ್ನೆ: ಚಳಿಗಾಲದಲ್ಲಿ ಹಿಮ ಬೀಳುವ ಊರಿನಲ್ಲಿ ಹಳೆಯ ಮನೆಯೊಂದನ್ನು ಕೊಂಡಿದ್ದೇವೆ. ಮುಂದಿನ ಅಂಗಳದ ಇಳಿಜಾರಿನಲ್ಲಿ ಸೊಂಟದೆತ್ತರದ, ಮೂರು ಮೀಟರಿಗೂ ಹೆಚ್ಚು ಅಗಲಕ್ಕೆ ಹಬ್ಬಿದ ಹಸಿರು ಪೊದೆಯಿದೆ. ಹಿಂದಿನ ಮಾಲೀಕರು ಅದು ಸ್ಯಾವಿನ್ ಜುನಿಪರ್ ಎಂದು ಹೇಳಿ ಹೋಗಿದ್ದಾರೆ. ನಡುಭಾಗ ಪೂರ್ತಿ ಒಣಗಿ ಬರೀ ಕಡ್ಡಿ ಕಾಣುತ್ತಿದೆ. ಪಕ್ಕದ ಮನೆಯವರ ಪಿಯರ್ ಮರದ ಎಲೆಗಳ ಮೇಲೆ ಪ್ರತಿ ವರ್ಷ ಕಿತ್ತಳೆ ಬಣ್ಣದ ಚುಕ್ಕೆ ಬರುತ್ತದಂತೆ. ಅದಕ್ಕೆ ನಮ್ಮ ಪೊದೆಯೇ ಕಾರಣ ಎನ್ನುತ್ತಾರೆ. ಗಿಡ ವಿಷವೆಂದೂ ಕೇಳಿದೆ, ಮನೆಯಲ್ಲಿ ಮೂರು ವರ್ಷದ ಮಗುವಿದೆ. ಇನ್ನೊಂದೆಡೆ ಜುನಿಪರ್ ಕಾಯಿಯನ್ನು ಅಡುಗೆಗೆ ಬಳಸುತ್ತಾರೆಂದು ಓದಿದೆ. ಬುಡಮಟ್ಟ ಕತ್ತರಿಸಿದರೆ ಹೊಸದಾಗಿ ಚಿಗುರೀತೇ, ಅಥವಾ ಕಿತ್ತೇ ಹಾಕುವುದು ಒಳ್ಳೆಯದೇ?

ಉತ್ತರ: ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ, ಅವಕ್ಕೆ ಕಾಯುವಂತಿಲ್ಲ. ಬುಡಮಟ್ಟ ಕತ್ತರಿಸಬೇಡಿ. ದಾಸವಾಳವನ್ನೋ ಗುಲಾಬಿಯನ್ನೋ ಕಡಿದಂತೆ ಇದನ್ನು ಕಡಿದರೆ ಮತ್ತೆ ಚಿಗುರುವುದಿಲ್ಲ, ಸತ್ತೇ ಹೋಗುತ್ತದೆ. ಎರಡನೆಯದು, ಈ ಪೊದೆಯ ಕಾಯಿಯಾಗಲಿ ಎಲೆಯಾಗಲಿ ಅಡುಗೆಮನೆಯ ಹೊಸ್ತಿಲು ದಾಟಬಾರದು. ಉಳಿದ ಪ್ರಶ್ನೆಗಳಿಗೆ ಸ್ವಲ್ಪ ನಿಧಾನವಾಗಿ ಬರೋಣ. ಈ ಗಿಡ ಬೆಟ್ಟದಲ್ಲಿ ಹೇಗೆ ಬದುಕುತ್ತದೆ ಎಂಬುದನ್ನು ಅರಿತರೆ, ನಿಮ್ಮ ಅಂಗಳದಲ್ಲಿ ಅದು ತೋರುತ್ತಿರುವ ವರ್ತನೆಗೆಲ್ಲ ಅರ್ಥ ಸಿಗುತ್ತದೆ.

ಅದಕ್ಕೂ ಮುಂಚೆ, ಅದು ನಿಜಕ್ಕೂ ಸ್ಯಾವಿನ್ ಜುನಿಪರೇ ಎಂದು ಖಚಿತ ಮಾಡಿಕೊಳ್ಳಬೇಕು. ಹಿಂದಿನ ಮಾಲೀಕರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ನರ್ಸರಿಗಳಲ್ಲಿ ಜುನಿಪರ್‌ಗಳ ಹೆಸರುಪಟ್ಟಿ ಅದಲುಬದಲಾಗುವುದು ಹೊಸದೇನಲ್ಲ.

ಒಂದು ತುದಿರೆಂಬೆಯನ್ನು ಕೈಗವಸು ಹಾಕಿಕೊಂಡು ಮುರಿದು ಬೆಳಕಿಗೆ ಹಿಡಿಯಿರಿ. ಬಲಿತ ರೆಂಬೆಯಲ್ಲಿ ಎಲೆ ಎಂದು ಗುರುತಿಸುವಂಥದ್ದೇ ಇರುವುದಿಲ್ಲ. ಒಂದೆರಡು ಮಿಲಿಮೀಟರ್ ಉದ್ದದ ಹುರುಪೆಗಳು ಎದುರುಬದುರಾಗಿ, ಒಂದು ಜೋಡಿಗೆ ಮುಂದಿನ ಜೋಡಿ ಅಡ್ಡವಾಗಿ, ಕಡ್ಡಿಗೆ ಒತ್ತಿಕೊಂಡು ಕೂತಿರುತ್ತವೆ. ಹುರುಪೆಗಳೂ ಸೇರಿ ಆ ಕಡ್ಡಿಯ ದಪ್ಪ ಸುಮಾರು ಒಂದು ಮಿಲಿಮೀಟರ್ ಅಷ್ಟೇ, ದಾರದಂತೆ. ಎಳೆಯ ಗಿಡದಲ್ಲಿ, ಮತ್ತು ಹಳೆಯ ಗಿಡದ ನೆರಳುಬಿದ್ದ ಒಳಭಾಗದಲ್ಲಿ, ಐದರಿಂದ ಹತ್ತು ಮಿಲಿಮೀಟರ್ ಉದ್ದದ ಮೊನಚು ಸೂಜಿ ಎಲೆಗಳೂ ಸಿಗುತ್ತವೆ. ಒಂದೇ ಪೊದೆಯಲ್ಲಿ ಎರಡು ಬಗೆಯ ಎಲೆ ಕಂಡರೆ ಗಾಬರಿ ಬೇಡ, ಅದು ಈ ಗುಂಪಿನ ಸ್ವಭಾವ. ಈಗ ರೆಂಬೆಯನ್ನು ಬೆರಳಲ್ಲಿ ಹೊಸಕಿ ಮೂಸಿ. ಜುನಿಪರ್ ಎಂದರೆ ಹಿತವಾದ ಪರಿಮಳ ಎಂದುಕೊಂಡವರಿಗೆ ಇಲ್ಲಿ ನಿರಾಸೆಯೇ. ಕಟುವಾದ, ಮೂಗಿಗೆ ಅಡರುವ, ಸ್ವಲ್ಪ ಓಕರಿಕೆ ತರಿಸುವ ವಾಸನೆ. ರುಚಿ ನೋಡುವ ಪರೀಕ್ಷೆಯನ್ನು ಕೆಲವು ಹಳೆಯ ಪುಸ್ತಕಗಳು ಹೇಳುತ್ತವೆ. ಅದು ಬೇಡವೇ ಬೇಡ.

ಕಾಯಿಯನ್ನೂ ನೋಡಿ. ಶಾಸ್ತ್ರದ ಪ್ರಕಾರ ಅದು ಹಣ್ಣಲ್ಲ, ಪೈನ್ ಮರದ ಕಾಯಿಯ ಹಾಗೆ ಶಂಕು. ಆದರೆ ಅದರ ಪದರಗಳು ತಿರುಳು ತುಂಬಿಕೊಂಡು ಒಂದಾಗಿ ಬೆಸೆದು ಗುಂಡಗಾಗಿರುತ್ತವೆ. ಐದರಿಂದ ಒಂಬತ್ತು ಮಿಲಿಮೀಟರ್ ಗಾತ್ರ, ನೀಲಿಗಪ್ಪು ಬಣ್ಣ, ಮೇಲೆ ಬೆರಳಿಗೆ ಅಂಟುವ ಬಿಳಿ ಪುಡಿ. ಒಳಗೆ ಸಾಮಾನ್ಯವಾಗಿ ಒಂದರಿಂದ ಮೂರು ಬೀಜ. ಬಾಗಿದ ಪುಟ್ಟ ತೊಟ್ಟಿನಲ್ಲಿ ಕೆಳಮುಖವಾಗಿ ತೂಗುತ್ತಿರುತ್ತದೆ. ಗಂಡು ಹೆಣ್ಣು ಗಿಡಗಳು ಬಹುಮಟ್ಟಿಗೆ ಬೇರೆಬೇರೆ. ನಿಮ್ಮ ಪೊದೆಯಲ್ಲಿ ಕಾಯಿಯೇ ಇಲ್ಲದಿದ್ದರೆ ಅದು ಗಂಡು ಗಿಡವಿರಬಹುದು.

ಅಡುಗೆಗೂ ಜಿನ್ ಎಂಬ ಮದ್ಯಕ್ಕೂ ಬಳಸುವುದು ಬೇರೆ ಗಿಡ, ಸಾಮಾನ್ಯ ಜುನಿಪರ್, ಜುನಿಪೆರಸ್ ಕಮ್ಯೂನಿಸ್. ಅದರಲ್ಲಿ ಹುರುಪೆ ಎಲೆಯೇ ಇಲ್ಲ. ಎಷ್ಟು ವಯಸ್ಸಾದರೂ ಸೂಜಿ ಎಲೆಗಳೇ, ಮೂರು ಮೂರರ ಸುತ್ತಾಗಿ, ಪ್ರತಿ ಸೂಜಿಯ ಒಳಮೈಯಲ್ಲಿ ಒಂದೇ ಬಿಳಿ ಪಟ್ಟಿ. ಮುಟ್ಟಿದರೆ ಚುಚ್ಚುತ್ತದೆ. ಕಾಯಿಯ ತುದಿಯಲ್ಲಿ ಮೂರು ಗೀರು ಕೂಡಿದ ಗುರುತು ಕಾಣುತ್ತದೆ. ಸ್ಯಾವಿನ್‌ಗೆ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಜುನಿಪೆರಸ್ ಸಬೈನಾ ಎಂದು ಹೆಸರಿಟ್ಟ. ಎರಡೂ ಒಂದೇ ಕುಲಕ್ಕೆ ಸೇರಿದ್ದರೂ ಒಂದರ ಕಾಯಿ ಮಸಾಲೆ, ಇನ್ನೊಂದರದ್ದು ವಿಷ. ಅಂತರ್ಜಾಲದ ಅಡುಗೆ ಬರಹಗಳು ಬರೀ ಜುನಿಪರ್ ಕಾಯಿ ಎಂದು ಬರೆದು ಮುಗಿಸುವುದು ನನಗೆ ಸಿಟ್ಟು ಬರಿಸುವ ಸಂಗತಿ.

ಇನ್ನೊಂದು ಸಾಧ್ಯತೆಯನ್ನೂ ಮನಸ್ಸಿನಲ್ಲಿಡಿ. ಚಳಿಪ್ರದೇಶದ ಅಂಗಳಗಳಲ್ಲಿ ಕಾಣುವ ಎಷ್ಟೋ ದೊಡ್ಡ ಜುನಿಪರ್ ಪೊದೆಗಳು ಶುದ್ಧ ಸ್ಯಾವಿನ್ ಅಲ್ಲ, ಫಿಟ್ಜರ್ ಜುನಿಪರ್. ಬರ್ಲಿನ್ನಿನ ಷ್ಪೆಟ್ ನರ್ಸರಿ 1899ರಲ್ಲಿ ಇದನ್ನು ಬೆಳಕಿಗೆ ತಂದಿತು. ಚೀನೀ ಜುನಿಪರ್ ಮತ್ತು ಸ್ಯಾವಿನ್ ಇವೆರಡರ ಮಿಶ್ರತಳಿ ಇದು. ಫಿಟ್ಜರ್‌ನ ಕೊಂಬೆಗಳು ಓರೆಯಾಗಿ ಮೇಲಕ್ಕೆ ಚಾಚಿ, ತುದಿಯಲ್ಲಿ ಮಾತ್ರ ಬಾಗುತ್ತವೆ. ಸ್ಯಾವಿನ್ ಹೆಚ್ಚು ನೆಲಕ್ಕೆ ಒರಗಿರುತ್ತದೆ. ನಿಮ್ಮದು ಫಿಟ್ಜರ್ ಆಗಿದ್ದರೂ ಮುಂದೆ ಹೇಳುವ ಕತ್ತರಿಯ ಮಾತು, ಪಿಯರ್ ಮರದ ಮಾತು ಎರಡೂ ಅನ್ವಯಿಸುತ್ತವೆ. ವಿಷದ ವಿಷಯದಲ್ಲೂ ಅದೇ ಎಚ್ಚರ ಇರಲಿ.

ಇನ್ನು ಬೆಟ್ಟಕ್ಕೆ ಹೋಗೋಣ. ಸ್ಪೇನಿನ ಸಿಯೆರಾ ನೆವಾಡಾದಿಂದ ಪಿರನೀಸ್, ಆಲ್ಪ್ಸ್, ಕ್ರಿಮಿಯಾ, ಕಾಕಸಸ್ ದಾಟಿ ತಿಯಾನ್ ಷಾನ್, ಅಲ್ತಾಯ್, ಮಂಗೋಲಿಯಾ, ವಾಯವ್ಯ ಚೀನಾದವರೆಗೆ ಈ ಗಿಡದ ಸೀಮೆ ಹಬ್ಬಿದೆ. ಬಹುತೇಕ ಕಡೆ ಸಾವಿರ ಮೀಟರಿಗೂ ಎತ್ತರದ ಕಲ್ಲುಜಾರು, ಸುಣ್ಣಕಲ್ಲಿನ ಬೋಳುಗುಡ್ಡ, ಮರಗಳು ಮುಗಿದು ಗಾಳಿ ಶುರುವಾಗುವ ಜಾಗ ಇದರ ನೆಲೆ. ಅಲ್ಲಿ ಮಣ್ಣು ತೆಳು, ಬಿಸಿಲು ಖಾರ, ಹಿಮದ ಭಾರ ತಿಂಗಳುಗಟ್ಟಲೆ. ಮೇಲಕ್ಕೆ ಬೆಳೆದದ್ದನ್ನು ಗಾಳಿ ಒಣಗಿಸುತ್ತದೆ, ಹಿಮ ಮುರಿಯುತ್ತದೆ. ಹಾಗಾಗಿ ಈ ಗಿಡ ಪಕ್ಕಕ್ಕೆ ಬೆಳೆಯುತ್ತದೆ. ಕೊಂಬೆ ನೆಲಕ್ಕೆ ತಾಗಿದಲ್ಲಿ ಬೇರು ಬಿಡುತ್ತದೆ, ಬೇರು ಬಿಟ್ಟ ಕೊಂಬೆ ಇನ್ನಷ್ಟು ಮುಂದಕ್ಕೆ ಚಾಚುತ್ತದೆ. ಹೀಗೆ ಒಂದೇ ಗಿಡ ವರ್ಷಗಳು ಕಳೆದಂತೆ ದೊಡ್ಡ ಹಾಸಾಗುತ್ತದೆ. ಅಂಚು ಸದಾ ಎಳೆಯದು, ನಡು ಸದಾ ಹಳೆಯದು. ನಡುಭಾಗಕ್ಕೆ ಬೆಳಕು ತಪ್ಪಿ ಅಲ್ಲಿನ ಎಲೆ ಉದುರುತ್ತದೆ, ಕೊನೆಗೆ ಬರಿಗಡ್ಡಿ ಉಳಿಯುತ್ತದೆ. ಬೆಟ್ಟದಲ್ಲಿ ಇದು ರೋಗವಲ್ಲ, ಬೆಳೆಯುವ ರೀತಿಯೇ ಹಾಗೆ.

ಇದರ ಪರಾಕಾಷ್ಠೆ ನೋಡಬೇಕಾದರೆ ಬೆಟ್ಟಕ್ಕಿಂತ ಮರಳುಗಾಡೇ ಮೇಲು. ಚೀನಾದ ಒಳಮಂಗೋಲಿಯಾದಲ್ಲಿ ಓರ್ಡೋಸ್ ಪ್ರಸ್ಥಭೂಮಿಯ ತೆಂಕಣ ಭಾಗದ ಮು ಉಸ್ ಮರಳುಸೀಮೆಯಲ್ಲಿ ಈ ಜುನಿಪರ್ ದಿಬ್ಬಗಳ ಮೇಲೆ ತಾನಾಗಿ ಹಬ್ಬಿದೆ. ಗಾಳಿ ತಂದ ಮರಳು ಕೊಂಬೆಗಳ ಮೇಲೆ ಬಿದ್ದರೆ ಬೇರೆ ಗಿಡಗಳಿಗೆ ಅದು ಸಮಾಧಿ. ಇದಕ್ಕೋ ಹೂತ ಕೊಂಬೆಯೆಲ್ಲ ಬೇರು ಬಿಡಲು ಅವಕಾಶ. ತುದಿ ಮರಳಿನಿಂದ ಹೊರಗೆ ಉಳಿದರೆ ಸಾಕು, ಗಿಡ ಮೇಲೇರುತ್ತದೆ, ಮರಳು ಅದರ ಜಾಲದಲ್ಲಿ ಸಿಕ್ಕಿ ನಿಲ್ಲುತ್ತದೆ. ಅದಕ್ಕಾಗಿಯೇ ಅಲ್ಲಿ ಮರಳು ತಡೆಯಲು ಇದನ್ನು ಬೇಕೆಂದೇ ನೆಡುತ್ತಾರೆ. ರಸ್ತೆಯಂಚಿನ ಇಳಿಜಾರುಗಳಲ್ಲಿ ಮಣ್ಣು ಹಿಡಿಯಲು ತೋಟಗಾರರು ಇದನ್ನೇ ಆರಿಸುವುದಕ್ಕೂ ಕಾರಣ ಇದೇ ಗುಣ. ನಿಮ್ಮ ಇಳಿಜಾರಿನಲ್ಲೂ ಅದು ಬಹುಶಃ ಸದ್ದಿಲ್ಲದೆ ಈ ಕೆಲಸ ಮಾಡುತ್ತಿದೆ. ಕೀಳುವ ತೀರ್ಮಾನಕ್ಕೆ ಮುನ್ನ ಮಳೆಗಾಲದಲ್ಲಿ ಆ ಮಣ್ಣು ಎಲ್ಲಿಗೆ ಹೋದೀತು ಎಂದು ಒಮ್ಮೆ ಯೋಚಿಸಿ.

ಕಾಡಿನಲ್ಲಿ ಈ ಪೊದೆಯನ್ನು ನಂಬಿದವರೂ ಇದ್ದಾರೆ. ಥ್ರಷ್ ಜಾತಿಯ ಹಕ್ಕಿಗಳು ಕಾಯಿ ನುಂಗಿ ಬೀಜವನ್ನು ದೂರ ಒಯ್ಯುತ್ತವೆ. ಹಾಗೆ ಬಂದು ಕೂತ ಹಕ್ಕಿಗಳು ಬೇರೆ ಹಣ್ಣುಗಳ ಬೀಜಗಳನ್ನೂ ಪೊದೆಯ ಅಡಿಯಲ್ಲಿ ಉದುರಿಸುತ್ತವೆ. ಸಿಯೆರಾ ನೆವಾಡಾದಲ್ಲಿ ಯೂ ಮರದ ಸಸಿಗಳು ಬಯಲಿನಲ್ಲಿ ಬದುಕುವುದು ಕಷ್ಟ, ಇಂಥ ಜುನಿಪರ್ ಮತ್ತಿತರ ಪೊದೆಗಳ ಆಸರೆಯಲ್ಲಿ ಬದುಕುತ್ತವೆ. ಬಿಸಿಲಿನಿಂದ ನೆರಳು, ಮೇಯುವ ಪ್ರಾಣಿಗಳಿಂದ ಮರೆ ಎರಡೂ ಸಿಗುತ್ತವಲ್ಲ. ಸಸ್ಯಶಾಸ್ತ್ರದ ಹುಚ್ಚಿರುವವರಿಗೆ ಇನ್ನೊಂದು ರುಚಿಕರ ಸಂಗತಿ: ಬಾಲ್ಕನ್ ಪ್ರದೇಶದ ಕೆಲವು ಸ್ಯಾವಿನ್ ಪೊದೆಗಳ ಹರಿತ್ಕಣದ (ಎಲೆಗೆ ಹಸಿರು ಕೊಡುವ ಕಣದ) ಡಿಎನ್ಎ ಸ್ಯಾವಿನ್‌ನದ್ದಲ್ಲ, ಸ್ಪ್ಯಾನಿಷ್ ಜುನಿಪರ್ ಎಂಬ ಮರಜಾತಿಯದ್ದು. ಯಾವ ಕಾಲದಲ್ಲೋ ನಡೆದ ಸಂಕರದ ಗುರುತು ಅದು. 2016ರಲ್ಲಿ ಅದಕ್ಕೆ ಸ್ಯಾವಿನ್‌ನೊಳಗಿನ ಒಂದು ಬಗೆಯಾಗಿ ಬಾಲ್ಕನೆನ್ಸಿಸ್ ಎಂಬ ಹೆಸರು ಕೊಟ್ಟರು. ನಿಮ್ಮ ಅಂಗಳಕ್ಕೆ ಇದರಿಂದ ಏನೂ ಆಗಬೇಕಿಲ್ಲ, ಹೇಳದೆ ಇರಲಾಗಲಿಲ್ಲ ಅಷ್ಟೇ.

ಈಗ ಕತ್ತರಿಯ ವಿಷಯ. ಈ ಗಿಡದ ಹೊಸ ಚಿಗುರು ಹಸಿರು ಇರುವ ಕಡೆಯಿಂದ ಮಾತ್ರ ಬರುತ್ತದೆ. ಎಲೆ ಉದುರಿ ಕಂದುಬಣ್ಣಕ್ಕೆ ತಿರುಗಿದ ಕಟ್ಟಿಗೆಯಲ್ಲಿ ಎಚ್ಚರಗೊಳ್ಳಲು ಮಲಗಿದ ಮೊಗ್ಗುಗಳಿಲ್ಲ. ಪೊದೆಯ ಮೇಲ್ಮೈಯ ಹಸಿರನ್ನು ಸರಿಸಿ ಒಳಗೆ ಇಣುಕಿದರೆ ಎಲ್ಲಿಂದ ಮುಂದೆ ಹಸಿರಿಲ್ಲ ಎಂಬ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಕತ್ತರಿ ಆ ಗಡಿಯನ್ನು ದಾಟಿತೋ, ಆ ಕೊಂಬೆ ಮುಗಿಯಿತು. ಬೇಲಿ ಸವರುವ ಯಂತ್ರ ಹಿಡಿದು ಚಪ್ಪಟೆಯಾಗಿ ಕತ್ತರಿಸಿ, ಕಂದು ತೇಪೆ ಎದ್ದಾಗ ರೋಗ ಎಂದು ಔಷಧಿ ಹೊಡೆಯುವವರನ್ನು ಬಹಳ ನೋಡಿದ್ದೇನೆ. ರೋಗವೇನೂ ಇರುವುದಿಲ್ಲ, ಕತ್ತರಿಯದೇ ತಪ್ಪು.

ಸರಿಯಾದ ಕ್ರಮ ಹೀಗೆ. ಚಳಿಗಾಲದ ಕೊನೆಗೆ, ಹೊಸ ಚಿಗುರು ಹೊರಡುವ ಮುಂಚೆ, ಒಣಹವೆಯ ದಿನ ನೋಡಿ ಶುರುಮಾಡಿ. ಪೊದೆಯಿಂದ ಹೊರಗೆ ಚಾಚಿದ ಒಂದು ಉದ್ದ ಕೊಂಬೆಯನ್ನು ಹಿಡಿದೆತ್ತಿ. ಅದರ ಹಿಂದೆ, ಪೊದೆಯ ಒಳಗಡೆಗೆ, ಹಸಿರಾಗಿರುವ ಪಕ್ಕರೆಂಬೆ ಎಲ್ಲಿ ಕವಲೊಡೆದಿದೆ ನೋಡಿ. ಆ ಕವಲಿನ ಸ್ವಲ್ಪ ಮುಂದಕ್ಕೆ ಕತ್ತರಿಸಿ. ಮೇಲಿನ ರೆಂಬೆ ಕೆಳಗೆ ಬಿದ್ದು ಗಾಯವನ್ನು ಮುಚ್ಚುತ್ತದೆ, ಕತ್ತರಿಸಿದ್ದೇ ಗೊತ್ತಾಗುವುದಿಲ್ಲ. ಹೀಗೆ ಒಂದೊಂದೇ ಕೊಂಬೆ, ಕೈಗತ್ತರಿಯಲ್ಲಿ. ಒಂದು ವರ್ಷಕ್ಕೆ ಪೊದೆಯ ಕಾಲುಭಾಗದಷ್ಟು ಹಸಿರಿಗಿಂತ ಹೆಚ್ಚು ತೆಗೆಯಬೇಡಿ. ಕೆಲಸ ಮಾಡುವಾಗ ಕೈಗವಸು, ಉದ್ದ ತೋಳಿನ ಅಂಗಿ ಇರಲಿ. ರಸ ತಾಗಿದರೆ ಕೆಲವರ ಚರ್ಮ ಕೆಂಪಾಗಿ ಗುಳ್ಳೆ ಏಳುತ್ತದೆ. ಗಂಡು ಗಿಡವಾದರೆ ವಸಂತದ ಆರಂಭದಲ್ಲಿ ಹಳದಿ ಪರಾಗದ ದೂಳೆಬ್ಬಿಸುತ್ತದೆ. ಅಲರ್ಜಿ ಇರುವವರು ಆಗ ಅದರ ಹತ್ತಿರ ಸುಳಿಯದಿರುವುದೇ ಮೇಲು.

ಒಣಗಿದ ನಡುವಿಗೆ ಏನು ಮಾಡಬೇಕು? ಸತ್ತ ಕಡ್ಡಿಗಳನ್ನು ಕತ್ತರಿಸಿ ತೆಗೆಯಿರಿ, ಕೆಳಗೆ ಕೂತ ಒಣ ಎಲೆಯ ರಾಶಿಯನ್ನು ಗೋರಿ ಹೊರಹಾಕಿ. ಆ ಜಾಗ ತಾನಾಗಿ ಹಸಿರಾಗುವುದಿಲ್ಲ, ಆ ಆಸೆ ಬಿಡಿ. ಗುಂಡಿಯ ಅಂಚಿನಲ್ಲಿ ಬಾಗುವಷ್ಟು ಎಳೆಯ ಕೊಂಬೆಯಿದ್ದರೆ ಅದನ್ನು ಒಳಮುಖವಾಗಿ ಬಗ್ಗಿಸಿ, ನೆಲಕ್ಕೆ ತಾಗುವ ಕಡೆ ತೊಗಟೆಯನ್ನು ತುಸು ಕೆರೆದು, ಮಣ್ಣು ಮುಚ್ಚಿ ಮೇಲೊಂದು ಕಲ್ಲು ಹೇರಬಹುದು. ಬೆಟ್ಟದಲ್ಲಿ ಅದು ತಾನೇ ಮಾಡಿಕೊಳ್ಳುವ ಕೆಲಸವಿದು. ಬೇರು ಕೂರಲು ಒಂದೆರಡು ವರ್ಷ ಬೇಕು. ಬಗ್ಗುವ ಕೊಂಬೆ ಇಲ್ಲದಿದ್ದರೆ ನಡುವಿನಲ್ಲಿ ಎರಡು ಮೂರು ಒಳ್ಳೆಯ ಬಂಡೆಗಳನ್ನು ಇಟ್ಟುಬಿಡಿ. ನನ್ನ ಕಣ್ಣಿಗೆ ಅದೇ ಚೆಂದ. ಈ ಗಿಡಕ್ಕೆ ಕಲ್ಲಿನ ಸಹವಾಸ ಒಪ್ಪುತ್ತದೆ.

ಆದರೆ ಒಣಗಿರುವುದು ನಡುವಿನಲ್ಲಷ್ಟೇ ಅಲ್ಲ, ಹೊರಗಿನ ತುದಿಗಳಲ್ಲೂ ಎಂದಾದರೆ ಕಥೆ ಬೇರೆ. ಎಳೆಯ ಚಿಗುರಿನ ತುದಿ ಮಾತ್ರ ಮಂಕಾಗಿ, ಆಮೇಲೆ ಕೆಂಪುಕಂದಾಗಿ ಸಾಯುತ್ತಿದ್ದರೆ, ಸತ್ತದ್ದಕ್ಕೂ ಬದುಕಿದ್ದಕ್ಕೂ ನಡುವೆ ಬೂದು ಪಟ್ಟಿಯಿದ್ದು ಅದರ ಮೇಲೆ ಕಪ್ಪು ಚುಕ್ಕಿಗಳು ಕಂಡರೆ, ಅದು ಫೋಮಾಪ್ಸಿಸ್ ಎಂಬ ಶಿಲೀಂಧ್ರ. ಒದ್ದೆಯಾದ ವಸಂತದಲ್ಲಿ ಎಳೆ ಚಿಗುರನ್ನೇ ಹಿಡಿಯುತ್ತದೆ, ಬಲಿತ ಎಲೆಗೆ ಅಷ್ಟು ತೊಂದರೆಯಿಲ್ಲ. ಸಂಜೆ ಹೊತ್ತು ಮೇಲಿನಿಂದ ನೀರು ಚಿಮ್ಮಿಸುವ ಅಭ್ಯಾಸವಿದ್ದರೆ ನಿಲ್ಲಿಸಿ. ಒಣ ದಿನದಲ್ಲಿ ಸತ್ತ ತುದಿಗಳನ್ನು ಕತ್ತರಿಸಿ ಅಂಗಳದಿಂದಲೇ ಆಚೆ ಹಾಕಿ. ಹಳೆಯ ಜನಪ್ರಿಯ ತಳಿ ಟ್ಯಾಮರಿಸಿಫೋಲಿಯಾ ಈ ರೋಗಕ್ಕೆ ಬೇಗ ತುತ್ತಾಗುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ ಡಿ. ಹಿಲ್ ನರ್ಸರಿ ರಷ್ಯಾದಿಂದ ಬೀಜವನ್ನು 1933ರಲ್ಲಿ ತರಿಸಿ, ಸಾವಿರಾರು ಸಸಿಗಳಲ್ಲಿ ರೋಗಕ್ಕೆ ಬಗ್ಗದವನ್ನು ಆರಿಸಿತು. ಬ್ರಾಡ್‌ಮೂರ್, ಆರ್ಕೇಡಿಯಾ, ಸ್ಕ್ಯಾಂಡಿಯಾ ತಳಿಗಳು ಹಾಗೆ ಬಂದವು.

ತುದಿ ಸಾಯದೆ ಇಡೀ ರೆಂಬೆಯೇ ದೂಳು ಹಿಡಿದಂತೆ ಮಂಕಾದರೆ ನುಸಿಯನ್ನು ಅನುಮಾನಿಸಿ. ಬಿಳಿ ಹಾಳೆಯ ಮೇಲೆ ರೆಂಬೆಯನ್ನು ತಟ್ಟಿ. ಬಿದ್ದ ದೂಳಿನಲ್ಲಿ ಕೆಲವು ಕಣಗಳು ನಡೆದಾಡಿದರೆ ಉತ್ತರ ಸಿಕ್ಕಿತು. ಜೋರಾಗಿ ನೀರು ಹಾಯಿಸಿ ತೊಳೆದರೆ ಅರ್ಧ ಕೆಲಸವಾದಂತೆ. ಬೆಳಗ್ಗೆ ತೊಳೆಯಿರಿ, ಕತ್ತಲಾಗುವಷ್ಟರಲ್ಲಿ ಎಲೆ ಆರಿರಬೇಕು. ಗಿಡದ ಒಂದು ಪಾರ್ಶ್ವವೇ ಬುಡದಿಂದ ಒಣಗುತ್ತಾ ಬಂದರೆ ನೀರು ನಿಂತು ಬೇರು ಕೊಳೆಯುತ್ತಿದೆ ಎಂದರ್ಥ. ಸುಣ್ಣದ ಮಣ್ಣು, ಬಡಮಣ್ಣು, ಬರ, ಕಡುಚಳಿ ಎಲ್ಲವನ್ನೂ ತಡೆಯುವ ಈ ಗಿಡ ನೀರು ನಿಲ್ಲುವುದನ್ನು ಮಾತ್ರ ತಡೆಯದು. ಸೆಕೆಯೂ ತೇವವೂ ಒಟ್ಟಿಗೆ ಇರುವ ಹವೆಯಲ್ಲಿ ಇದನ್ನು ಬೆಳೆಸಹೊರಡುವುದು ಸುಮ್ಮನೆ ಹಟ. ರಸ್ತೆ ಕಡೆಯ ಅಂಚಿನಲ್ಲಿ ಮಾತ್ರ, ಅದೂ ಮೊಣಕಾಲೆತ್ತರದಲ್ಲಿ ಕಂದು ಬಣ್ಣವೇ? ನಾಯಿಗಳ ಕೆಲಸ.

ಇನ್ನು ಪಕ್ಕದ ಮನೆಯವರ ದೂರು. ಅವರು ಹೇಳುವುದರಲ್ಲಿ ಹುರುಳಿದೆ. ಆದರೆ ಪೂರ್ತಿ ನಿಜವೇ ಎಂಬುದನ್ನು ನೀವು ಒಂದು ವಸಂತ ಕಾದು ನೋಡಬೇಕು.

ಪಿಯರ್ ಎಲೆಯ ಕಿತ್ತಳೆ ಚುಕ್ಕೆಗೆ ಕಾರಣ ಜಿಮ್ನೊಸ್ಪೊರಾಂಜಿಯಂ ಸಬೈನೇ ಎಂಬ ತುಕ್ಕು ಶಿಲೀಂಧ್ರ. ಇದಕ್ಕೆ ಬದುಕಲು ಎರಡು ಮನೆ ಬೇಕು, ಒಂದು ಜುನಿಪರ್, ಇನ್ನೊಂದು ಪಿಯರ್. ಜುನಿಪರ್ ಕೊಂಬೆಯೊಳಗೆ ವರ್ಷಗಟ್ಟಲೆ ಅಡಗಿರುತ್ತದೆ, ಅದಿರುವ ಕಡೆ ಕೊಂಬೆ ಕದಿರಿನಂತೆ ನಡುವೆ ಉಬ್ಬಿರುತ್ತದೆ. ಒಣಹವೆಯಲ್ಲಿ ನೋಡಿದರೆ ಉಬ್ಬಿದ ತೊಗಟೆಯ ಮೇಲೆ ಕಂದು ಗಂಟುಗಳಷ್ಟೇ ಕಾಣುತ್ತವೆ, ಗಮನಕ್ಕೂ ಬಾರದು. ವಸಂತದ ಮಳೆ ಹೊಯ್ದ ಮರುದಿನ ನೋಡಿ: ಅದೇ ಗಂಟುಗಳು ನೀರು ಕುಡಿದು ಹಿಗ್ಗಿ, ಹೊಳೆಯುವ ಕಿತ್ತಳೆ ಬಣ್ಣದ ಲೋಳೆಯ ಕೊಂಬುಗಳಾಗಿ ಹೊರಚಾಚಿರುತ್ತವೆ. ಬೆರಳಿಟ್ಟರೆ ಜಾರುತ್ತದೆ, ಮೃದು. ಮೊದಲ ಸಲ ಕಂಡವರು ಗಿಡದ ಮೇಲೆ ಯಾರೋ ಏನನ್ನೋ ಚೆಲ್ಲಿದ್ದಾರೆಂದು ತಿಳಿಯುತ್ತಾರೆ. ಆ ಲೋಳೆಯಿಂದ ಹೊರಟ ಬೀಜಕಣಗಳು ಗಾಳಿಯಲ್ಲಿ ತೇಲಿ ಆಗತಾನೆ ಬಿಚ್ಚಿದ ಪಿಯರ್ ಎಲೆಗಳ ಮೇಲೆ ಇಳಿಯುತ್ತವೆ. ಬೇಸಿಗೆಯಲ್ಲಿ ಎಲೆಯ ಮೇಲ್ಮೈಯಲ್ಲಿ ಕಿತ್ತಳೆಗೆಂಪು ಚುಕ್ಕೆ, ಬೇಸಿಗೆ ಮುಗಿಯುವ ಹೊತ್ತಿಗೆ ಅದೇ ಚುಕ್ಕೆಯ ಅಡಿಭಾಗದಲ್ಲಿ ಜಾಲರಿ ಕಟ್ಟಿದ ಕಂದು ಗುಬುಟುಗಳು. ಅಲ್ಲಿಂದ ಹೊರಬಂದ ಬೀಜಕಣ ಮತ್ತೆ ಜುನಿಪರಿಗೇ ಹೋಗುತ್ತದೆ.

ಇದರಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಪಿಯರ್‌ನಿಂದ ಪಿಯರಿಗೆ ಈ ರೋಗ ಹರಡುವುದಿಲ್ಲ. ಉದುರಿದ ಪಿಯರ್ ಎಲೆ ಗುಡಿಸಿ ಸುಟ್ಟರೂ ಮುಂದಿನ ವರ್ಷ ಆ ಮರಕ್ಕೆ ರಕ್ಷಣೆ ಸಿಗುವುದಿಲ್ಲ. ಸೋಂಕು ಪ್ರತಿ ವರ್ಷ ಹೊಸದಾಗಿ ಯಾವುದೋ ಜುನಿಪರಿನಿಂದಲೇ ಬರಬೇಕು. ಆ ‘ಯಾವುದೋ’ ನಿಮ್ಮದೇ ಆಗಬೇಕೆಂದಿಲ್ಲ. ಹತ್ತಿರದ ಗಿಡದಿಂದ ಹೆಚ್ಚು ಹಾವಳಿ ನಿಜ, ಆದರೆ ಬೀಜಕಣಗಳು ನೂರಾರು ಮೀಟರ್ ಹಾರಬಲ್ಲವು. ಬೀದಿಯ ಇನ್ನೊಂದು ತುದಿಯ ಫಿಟ್ಜರ್ ಪೊದೆಯೂ ಸಾಕು. ಹಾಗಾಗಿ ಪಿಯರ್ ಎಲೆ ಬಿಚ್ಚುವ ದಿನಗಳಲ್ಲಿ, ಮಳೆ ನಿಂತ ಕೂಡಲೇ, ನಿಮ್ಮ ಪೊದೆಯ ಒಳಗೆಲ್ಲ ಬಗ್ಗಿ ನೋಡಿ. ಪಕ್ಕದವರನ್ನೂ ಕರೆಯಿರಿ; ಇಬ್ಬರೂ ಸೇರಿ ನೋಡಿದರೆ ಜಗಳಕ್ಕೆ ಜಾಗವಿರುವುದಿಲ್ಲ. ನಾಲ್ಕಾರು ಕೊಂಬೆಗಳಲ್ಲಿ ಮಾತ್ರ ಲೋಳೆ ಕಂಡರೆ ಉಬ್ಬಿದ ಭಾಗಕ್ಕಿಂತ ಸಾಕಷ್ಟು ಕೆಳಗೆ ಕತ್ತರಿಸಿ ತೆಗೆದರಾಯಿತು. ಹಿಂದಿನ ವರ್ಷವೇ ಸೋಂಕಿ ಇನ್ನೂ ಉಬ್ಬದ ಕೊಂಬೆಗಳು ಉಳಿದಿರುತ್ತವೆ, ಆದ್ದರಿಂದ ಮರುವರ್ಷವೂ ನೋಡಬೇಕು. ಬುಡದ ದಪ್ಪ ಕಾಂಡದಲ್ಲೇ ಉಬ್ಬು ಕಂಡರೆ ಆ ಗಿಡವನ್ನು ಉಳಿಸುವುದರಲ್ಲಿ ಅರ್ಥವಿಲ್ಲ. ಏನೂ ಕಾಣದಿದ್ದರೆ ನಿಮ್ಮ ಗಿಡ ನಿರಪರಾಧಿ. ದೊಡ್ಡ ಪಿಯರ್ ಮರ ಕೆಲವು ಚುಕ್ಕೆಗಳಿಂದ ಸಾಯುವುದಿಲ್ಲ ಎಂಬುದನ್ನೂ ಅವರಿಗೆ ತಿಳಿಸಬಹುದು. ರೋಗ ವಿಪರೀತವಾದ ವರ್ಷಗಳಲ್ಲಿ ಎಲೆ ಬೇಗ ಉದುರಿ ಫಸಲು ಸೊರಗುತ್ತದೆ, ಎಳೆಯ ಮರಗಳು ಹೆಚ್ಚು ಬಳಲುತ್ತವೆ.

ವಿಷದ ಮಾತಿಗೆ ಬರೋಣ. ಇದು ಪುಕಾರಲ್ಲ. ಗಿಡದ ಎಲ್ಲ ಭಾಗಗಳೂ ವಿಷ, ಅದರಲ್ಲೂ ಎಳೆಯ ರೆಂಬೆಗಳ ತೈಲ. ಆ ತೈಲದಲ್ಲಿ ಸಬಿನೀನ್, ಸಬಿನೈಲ್ ಅಸಿಟೇಟ್ ಮುಂತಾದವು ಇವೆ. ಹೊಟ್ಟೆಗೆ ಹೋದರೆ ಹೊಟ್ಟೆ ಕರುಳನ್ನು ಕೆರಳಿಸಿ ವಾಂತಿ ಭೇದಿ, ಮೂತ್ರಪಿಂಡಕ್ಕೆ ಪೆಟ್ಟಾಗಿ ಮೂತ್ರದಲ್ಲಿ ರಕ್ತ, ಹೆಚ್ಚಾದರೆ ಸೆಳವು, ಸಾವು. ಯೂರೋಪಿನಲ್ಲಿ ಶತಮಾನಗಳ ಕಾಲ ಇದನ್ನು ಗರ್ಭ ಇಳಿಸಲು ಗುಟ್ಟಾಗಿ ಬಳಸುತ್ತಿದ್ದರು. ಗರ್ಭ ಇಳಿಸುವಷ್ಟು ಪ್ರಮಾಣಕ್ಕೂ ತಾಯಿಯನ್ನೇ ಕೊಲ್ಲುವಷ್ಟು ಪ್ರಮಾಣಕ್ಕೂ ನಡುವೆ ನಂಬಬಹುದಾದ ಅಂತರವಿರಲಿಲ್ಲ, ಎಷ್ಟೋ ಹೆಂಗಸರು ಹೀಗೆ ಸತ್ತರು. ಗರ್ಭಿಣಿಯರು ಇದರ ಕಷಾಯ, ತೈಲ ಯಾವುದನ್ನೂ ಯಾವ ಕಾರಣಕ್ಕೂ ಸೇವಿಸಕೂಡದು.

ಇಷ್ಟು ಅಪಾಯಕಾರಿ ಗಿಡವನ್ನು ಅಂಗಳಕ್ಕೆ ತಂದದ್ದೂ ಔಷಧಿಯ ಆಸೆಯೇ. ಸುಮಾರು ಕ್ರಿ.ಶ. 800ರ ಹೊತ್ತಿಗೆ ಶಾರ್ಲಮೇನ್ ದೊರೆಯ ಆಡಳಿತ ತನ್ನ ಜಮೀನುಗಳಲ್ಲಿ ಬೆಳೆಸಬೇಕಾದ ಗಿಡಗಳ ಪಟ್ಟಿ ಹೊರಡಿಸಿತ್ತು, ಅದರಲ್ಲಿ ಸ್ಯಾವಿನ್ ಕೂಡ ಇದೆ. ದನಕರುಗಳ ಮದ್ದಿಗೆ, ಚರ್ಮದ ನರುಲಿಗೆ ಇದರ ಪುಡಿ, ಮುಲಾಮು ಬಳಕೆಯಲ್ಲಿದ್ದವು. ನರುಲಿಯ ವಿಷಯದಲ್ಲಿ ಹಳಬರ ಅನುಭವ ಸುಳ್ಳಾಗಿರಲಿಲ್ಲ. ಈ ಎಲೆಗಳಲ್ಲಿ ಪೊಡೊಫಿಲೊಟಾಕ್ಸಿನ್ ಎಂಬ ವಸ್ತುವಿದೆ, ಜೀವಕೋಶ ಒಡೆದು ಎರಡಾಗುವುದನ್ನು ಅದು ತಡೆಯುತ್ತದೆ. ಇವತ್ತಿಗೂ ವೈದ್ಯರು ಕೆಲವು ಬಗೆಯ ನರುಲಿಗೆ ಅದನ್ನೇ ಹಚ್ಚಲು ಕೊಡುತ್ತಾರೆ, ಎಟೊಪೊಸೈಡ್ ಎಂಬ ಕ್ಯಾನ್ಸರ್ ಔಷಧಿಯೂ ಅದರಿಂದಲೇ ತಯಾರಾದದ್ದು. ಆದರೆ ಔಷಧಿಗೆ ಬೇಕಾದ ಪೊಡೊಫಿಲೊಟಾಕ್ಸಿನ್ ಬರುವುದು ಮುಖ್ಯವಾಗಿ ಪೊಡೊಫಿಲಮ್ ಎಂಬ ಬೇರೆ ಗಿಡದಿಂದ. ಅಂಗಳದ ಎಲೆ ಅರೆದು ಹಚ್ಚಿಕೊಂಡರೆ ಚರ್ಮ ಸುಡುತ್ತದೆ ಅಷ್ಟೇ.

ನಿಮ್ಮ ಮಗುವಿನ ಬಗ್ಗೆ ಹೇಳುವುದಾದರೆ: ಪೊದೆಯ ಪಕ್ಕದಲ್ಲಿ ಆಡಿದ ಮಾತ್ರಕ್ಕೆ ವಿಷ ತಾಗುವುದಿಲ್ಲ. ಎಲೆ ಕಹಿ, ವಾಸನೆ ಕೆಟ್ಟದ್ದು, ಮಕ್ಕಳು ತಾವಾಗಿ ಅದನ್ನು ಅಗಿಯುವುದು ಅಪರೂಪ. ಅಪಾಯ ಇರುವುದು ಗುಂಡಗಿನ ನೀಲಿ ಕಾಯಿಯಲ್ಲಿ, ಅದು ಕಣ್ಣು ಸೆಳೆಯುತ್ತದೆ. ಮೂರು ವರ್ಷದ ಮಗುವಿಗೆ ತಿನ್ನಬೇಡ ಎಂದು ಹೇಳಿ ನಂಬಿಕೊಂಡಿರಲಾಗದು. ನಿಮ್ಮ ಗಿಡ ಹೆಣ್ಣಾಗಿದ್ದರೆ ಒಂದೋ ಕೈಗೆಟುಕುವ ಕಡೆಯ ಕಾಯಿಗಳನ್ನು ಕಿತ್ತು ತೆಗೆಯಬೇಕು, ಇಲ್ಲವೇ ಮಗು ದೊಡ್ಡದಾಗುವವರೆಗೆ ಸುತ್ತ ತಡೆಬೇಲಿ ಹಾಕಬೇಕು. ಅಕಸ್ಮಾತ್ ತಿಂದರೆ ಬಲವಂತವಾಗಿ ವಾಂತಿ ಮಾಡಿಸಬೇಡಿ. ಬಾಯಲ್ಲಿ ಉಳಿದದ್ದನ್ನು ಒರೆಸಿ ತೆಗೆದು, ಲಕ್ಷಣ ಕಾಣಲೆಂದು ಕಾಯದೆ ವೈದ್ಯರಿಗೋ ವಿಷ ಮಾಹಿತಿ ಕೇಂದ್ರಕ್ಕೋ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ಕಾಯಿ ಸಮೇತ ಒಂದು ರೆಂಬೆಯನ್ನು ಜೊತೆಗೆ ಒಯ್ಯಿರಿ, ಯಾವ ಜುನಿಪರ್ ಎಂಬುದು ಅಲ್ಲಿ ಮುಖ್ಯ. ಸವರಿದ ರೆಂಬೆಗಳನ್ನು ಮೇಯುವ ಪ್ರಾಣಿಗಳ ಎದುರು ಹಾಕಬೇಡಿ, ಅಡುಗೆಯ ಒಲೆಗೂ ಬೇಡ.

ಹಾಗಾದರೆ ನನ್ನ ತೀರ್ಪೇನು? ಪಿಯರ್ ಪರೀಕ್ಷೆಯಲ್ಲಿ ಪಾಸಾದರೆ, ಕಾಯಿಯ ಸಮಸ್ಯೆ ಇಲ್ಲದ ಗಂಡು ಗಿಡವಾದರೆ, ನಾನಂತೂ ಕೀಳುವುದಿಲ್ಲ. ಇಳಿಜಾರಿನ ಮಣ್ಣು ಹಿಡಿದಿಡುವ, ನೀರು ಕೇಳದ, ಹಿಮಕ್ಕೆ ಹೆದರದ ಅಷ್ಟು ಅಗಲದ ಪೊದೆ ಮತ್ತೆ ಬೆಳೆಯಲು ಬಹಳ ವರ್ಷ ಬೇಕು. ಕಾಯಿ ತುಂಬಿದ ಹೆಣ್ಣು ಗಿಡವಾಗಿದ್ದು, ಮಗು ಅಲ್ಲೇ ಆಡುವುದಾದರೆ, ಅಥವಾ ತುಕ್ಕು ಬುಡದವರೆಗೆ ಇಳಿದಿದ್ದರೆ, ತೆಗೆಯುವುದೇ ಸರಿ. ತೆಗೆಯುವುದೂ ಸುಲಭ: ಬುಡದಲ್ಲಿ ಕತ್ತರಿಸಿದರೆ ಸಾಕು, ಮತ್ತೆ ಚಿಗುರುವ ಭಯವಿಲ್ಲ. ಆದರೆ ನೆಲಕ್ಕೆ ತಾಗಿ ಬೇರು ಬಿಟ್ಟ ಕೊಂಬೆಗಳು ತಾವೇ ಗಿಡವಾಗಿ ಮುಂದುವರಿಯುತ್ತವೆ, ಒಂದೊಂದನ್ನೂ ಎತ್ತಿ ನೋಡಿ ಬಿಡಿಸಬೇಕು. ಇಳಿಜಾರಾದ್ದರಿಂದ ಹಳೆಯ ಬೇರುಗಳನ್ನು ಅಗೆಯದೆ ಮಣ್ಣಿನಲ್ಲೇ ಬಿಟ್ಟುಬಿಡಿ.

ಆ ಜಾಗದಲ್ಲಿ ಮತ್ತೆ ಜುನಿಪರೇ ಬೇಕೆಂದರೆ, ಪಕ್ಕದಲ್ಲಿ ಪಿಯರ್ ಮರವಿರುವಾಗ ಸ್ಯಾವಿನ್, ಫಿಟ್ಜರ್, ಚೀನೀ ಜುನಿಪರ್ ಮೂರೂ ಬೇಡ. ಈ ತುಕ್ಕಿಗೆ ಸಾಮಾನ್ಯವಾಗಿ ಆಶ್ರಯ ಕೊಡದ ಸಾಮಾನ್ಯ ಜುನಿಪರಿನ ನೆಲಹಬ್ಬುವ ತಳಿಯನ್ನು ಕೇಳಿ ತನ್ನಿ. ಪಿಯರ್ ಇಲ್ಲದ ಕಡೆ ಸ್ಯಾವಿನ್ ನೆಡುವ ಮನಸ್ಸಿದ್ದರೆ ಬ್ರಾಡ್‌ಮೂರ್ ನೋಡಿ, ಅದು ಗಂಡು ತಳಿ, ಹೆಚ್ಚು ಎತ್ತರ ಹೋಗದು, ಕಾಯಿ ಬಿಡುವುದಿಲ್ಲ. ಎಲೆ ಮಾತ್ರ ಅದರದ್ದೂ ವಿಷವೇ. ಬೀಜದಿಂದ ಬೆಳೆಸುವ ಸಾಹಸ ಬೇಡ. ಮೊಳೆಯಲು ಎರಡು ವರ್ಷ ಹಿಡಿದರೂ ಹಿಡಿಯಿತು, ಹುಟ್ಟಿದ್ದು ಗಂಡೋ ಹೆಣ್ಣೋ ಬಹಳ ಕಾಲ ತಿಳಿಯದು. ಶರತ್ಕಾಲದ ಕೊನೆಗೆ ಬೆರಳುದ್ದಕ್ಕಿಂತ ತುಸು ಹೆಚ್ಚಿನ ತುದಿರೆಂಬೆಯನ್ನು ಬುಡಕ್ಕೆ ಅಂಟಿಕೊಂಡ ಹಳೆ ತೊಗಟೆಯ ಚೂರು ಸಮೇತ ಕೆಳಮುಖವಾಗಿ ಎಳೆದು ಕಿತ್ತು, ಕೆಳಗಿನ ಎಲೆ ಸವರಿ, ದಪ್ಪ ಮರಳು ಬೆರೆಸಿದ ಮಣ್ಣಿಗೆ ಊರಿ, ತಂಪಾದ ಬೆಳಕಿನ ಜಾಗದಲ್ಲಿಡಿ. ಬೇರು ಬಂದಿದೆಯೇ ಎಂದು ಆಗಾಗ ಎಳೆದು ನೋಡಬೇಡಿ. ಮುಂದಿನ ಬೇಸಿಗೆಯ ಹೊತ್ತಿಗೆ ತುದಿಯಲ್ಲಿ ಹೊಸ ಹಸಿರು ಕಂಡ ಮೇಲೆಯೇ ಕುಂಡ ಬದಲಿಸಿ.